ಆವಿಯಿಂದ ಅಚ್ಚು: ಫೋನಿನ ಒರೆಯ ಮೇಲೆ ಚಿತ್ರವು ಮೂಡುವ ಬಗೆ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನಾಗಲಿ ಸ್ತ್ರೀವಿದ್ಯಾಭ್ಯಾಸದ ಪ್ರಯೋಜನಗಳನ್ನಾಗಲಿ ಕುರಿತು ನಾವು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಆ ಎರಡು ವಿಷಯಗಳನ್ನೂ ಹಿಂದಿನ ಸಂಚಿಕೆಗಳಲ್ಲಿ ನಮಗಿಂತ ಬಲ್ಲವರು ಬರೆದಿರುವರು. ನಾವಾದರೋ ಈ ಸಾರಿ ನಮ್ಮ ಕೊಠಡಿಯ ಬೀರುವಿನಲ್ಲಿರುವ ಒಂದು ವಸ್ತುವನ್ನು ಕುರಿತು ಬರೆಯಲು ಮನಸ್ಸು ಮಾಡಿದೆವು.

ಶಾಲೆಯ ಆವರಣದೊಳಗೆ ಫೋನನ್ನು ತರಕೂಡದೆಂಬ ನಿಯಮವನ್ನು ಎಲ್ಲರೂ ಬಲ್ಲರು. ಅದನ್ನು ಮೀರಿದವರ ಫೋನುಗಳು ಸಂಜೆಯ ಘಂಟೆಯಾಗುವ ಪರ್ಯಂತ ನಮ್ಮ ಬೀರುವಿನಲ್ಲಿರುತ್ತವೆ. ಒಂದು ದಿವಸ ಹಾಗೆ ಕೂಡಿಬಿದ್ದ ಏಳೆಂಟು ಫೋನುಗಳನ್ನು ನೋಡುವಾಗ, ಒಂದೊಂದರ ಬೆನ್ನಿನ ಮೇಲೂ ಬೇರೆ ಬೇರೆ ಚಿತ್ರವಿದ್ದುದು ನಮ್ಮ ಕಣ್ಣಿಗೆ ಬಿತ್ತು. ಒಂದರ ಮೇಲೆ ತಾಯಿತಂದೆಗಳ ಮದುವೆಯ ಭಾವಚಿತ್ರ, ಇನ್ನೊಂದರ ಮೇಲೆ ಒಂದು ದೇವಾಲಯದ ಗೋಪುರ, ಮತ್ತೊಂದರ ಮೇಲೆ ತೊಟ್ಟಿಲ ಕೂಸು. ನಾವು ಬಾಲ್ಯದಿಂದ ಬಂದ ಅಭ್ಯಾಸದಂತೆ ಒಂದನ್ನು ಉಗುರಿನಿಂದ ಕೆರೆದು ನೋಡಿದೆವು. ಬಣ್ಣವು ಸ್ವಲ್ಪವೂ ಏಳಲಿಲ್ಲ. ಬೆರಳಿಗೆ ಅದರ ಅಂಚೂ ತಾಕಲಿಲ್ಲ. ಚಿತ್ರವು ಸಮನಾದ ಬೆನ್ನಿನಿಂದ ಸುತ್ತಿ ಪಕ್ಕಗಳ ಬಾಗಿನ ಮೇಲೂ ಇಳಿದು ಹೋಗಿತ್ತು. ಫೋನಿನ ಒಡತಿಯನ್ನು ಕರೆದು, ಇದು ಹೇಗಾಯಿತೆಂದು ವಿಚಾರಿಸಿದಾಗ, ಆಕೆ ಶಿಕ್ಷೆಯನ್ನು ನಿರೀಕ್ಷಿಸಿಕೊಂಡೇ, "ಬಣ್ಣವು ಮೇಲೆ ಇಲ್ಲ, ಟೀಚರ್, ಒಳಗೇ ಇದೆ" ಎಂದು ಉತ್ತರ ಕೊಟ್ಟಳು. ಉತ್ತರವು ಸರಿಯಾಗಿತ್ತು. ಒಳಗೆ ಹೇಗೆ ಹೋಯಿತೆಂಬುದು ಆಕೆಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿರುತ್ತೇವೆ.

ಮೊದಲು ಒಂದು ಪರಿಚಿತವಾದ ಸಂಗತಿ. ಪೆಟ್ಟಿಗೆಯಲ್ಲಿ ರೇಷ್ಮೆಯ ಬಟ್ಟೆಗಳ ನಡುವೆ ಇಟ್ಟ ನ್ಯಾಫ್ತಲೀನ್ ಗುಳಿಗೆಗಳು ದಿನೇ ದಿನೇ ಸಣ್ಣವಾಗಿ ಕಡೆಗೆ ಇಲ್ಲವಾಗುವುದನ್ನು ಪ್ರತಿಯೊಂದು ಮನೆಯ ಹೆಣ್ಣುಮಗಳೂ ಬಲ್ಲಳು. ಆದರೆ ಅವು ಕರಗಿ ಬಟ್ಟೆಯನ್ನು ತೋಯಿಸಿದ್ದನ್ನು ಯಾರೂ ಕಂಡಿಲ್ಲ. ಕರ್ಪೂರವೂ ಹಾಗೆಯೇ. ಘನವಾಗಿದ್ದ ಪದಾರ್ಥವು ದ್ರವವಾಗದೆ ನೆಟ್ಟಗೆ ಆವಿಯಾಗುವುದಕ್ಕೆ ಉತ್ಪತನವೆಂದು ಹೆಸರು. ನಮ್ಮ ವಿಜ್ಞಾನ ಕೊಠಡಿಯಲ್ಲಿ ಅಯೊಡಿನ್ನಿನ ಕೆಲವು ಹರಳುಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಮೆಲ್ಲಗೆ ಬೆಚ್ಚಗೆ ಮಾಡಿದರೆ ನೇರಿಳೆಯ ಹೊಗೆಯೆದ್ದು, ಮೇಲಿನ ತಣ್ಣಗಿನ ಗಾಜಿನ ಮೇಲೆ ಪುನಃ ಹರಳುಗಳಾಗಿ ಕೂಡುವುದನ್ನು ಒಂಭತ್ತನೆಯ ತರಗತಿಯವರು ನೋಡಿಯೇ ಇರುವರು. ಫೋನಿನ ಒರೆಯ ಮೇಲಿನ ಚಿತ್ರವೂ ಇದೇ ಮಾರ್ಗದಿಂದ ಬಂದುದು. ಅಯೊಡಿನ್ನಿನ ಬದಲು ಬಣ್ಣ, ಗಾಜಿನ ಬದಲು ಪ್ಲಾಸ್ಟಿಕ್ಕು. ಒಂದು ಭೇದವಿದೆ. ಅಯೊಡಿನ್ ಗಾಜಿನ ಮೇಲೆ ಕುಳಿತುಕೊಳ್ಳುತ್ತದೆ, ಬಣ್ಣವಾದರೋ ಪ್ಲಾಸ್ಟಿಕ್ಕಿನ ಒಳಗೆ ನುಗ್ಗುತ್ತದೆ.

ಈ ಜಾತಿಯ ಬಣ್ಣಗಳು ಮೊದಲು ಹುಟ್ಟಿದ್ದು ಬಟ್ಟೆಗಾಗಿ. 1920ರ ದಶಕದಲ್ಲಿ ಅಸಿಟೇಟ್ ಎಂಬ ಕೃತಕ ರೇಷ್ಮೆಯು ಮಾರುಕಟ್ಟೆಗೆ ಬಂದಾಗ, ಹತ್ತಿಗೂ ಉಣ್ಣೆಗೂ ಹಿಡಿಯುತ್ತಿದ್ದ ಹಳೆಯ ಬಣ್ಣಗಳು ಅದಕ್ಕೆ ಹಿಡಿಯಲಿಲ್ಲ. ಆಗ ರಸಾಯನಶಾಸ್ತ್ರಜ್ಞರು ನೀರಿನಲ್ಲಿ ಬಹುಮಟ್ಟಿಗೆ ಕರಗದ, ಆದರೆ ಅತಿ ಸೂಕ್ಷ್ಮವಾದ ಪುಡಿಯಾಗಿ ನೀರಿನಲ್ಲಿ ಹರಡಿಕೊಂಡಿರುವ ಬಣ್ಣಗಳನ್ನು ಕಂಡುಹಿಡಿದರು. 1941ರಲ್ಲಿ ಇಂಗ್ಲೆಂಡಿನ ವ್ಹಿನ್‌ಫೀಲ್ಡ್ ಮತ್ತು ಡಿಕ್‌ಸನ್ ಎಂಬ ಇಬ್ಬರು ಟೆರಿಲೀನ್ ಎಂಬ ಪಾಲಿಯೆಸ್ಟರ್ ನೂಲನ್ನು ಮಾಡಿದಾಗ ಅದಕ್ಕೂ ಇವೇ ಬಣ್ಣಗಳು ಒದಗಿದುವು. ಈ ಬಣ್ಣಗಳನ್ನು ಬಿಸಿಮಾಡಿದರೆ ಆವಿಯಾಗಿ ಪಕ್ಕದ ಬಟ್ಟೆಗೆ ಹತ್ತಿಕೊಳ್ಳುವವೆಂಬುದು ಬಣ್ಣಗಾರರಿಗೆ ಮೊದಲು ಒಂದು ಪೀಡೆಯಾಗಿಯೇ ತೋರಿತು. ಫ್ರಾನ್ಸ್ ದೇಶದ ನೊಯೆಲ್ ದ ಪ್ಲಾಸ್ ಎಂಬಾತನು ಈ ಪೀಡೆಯನ್ನೇ ಉಪಕಾರವಾಗಿ ತಿರುಗಿಸಿ, 1957ರಲ್ಲಿ ಕಾಗದದ ಮೇಲಿನ ಅಚ್ಚನ್ನು ಶಾಖದಿಂದ ಬಟ್ಟೆಗೆ ದಾಟಿಸುವ ಕ್ರಮವನ್ನು ಕಂಡುಹಿಡಿದನೆಂದು ಈ ಕಸುಬಿನವರು ಹೇಳುತ್ತಾರೆ. ಗಣಕಯಂತ್ರಕ್ಕೆ ಹೊಂದಿಸಿದ ಸಣ್ಣ ಅಚ್ಚುಯಂತ್ರಗಳು ಬಂದ ಮೇಲೆ, ಗಿರಣಿಗಳಲ್ಲಿ ಮಾತ್ರ ಇದ್ದ ಈ ಕೆಲಸವು ಒಂದು ಮೇಜಿನ ಮೇಲೆ ಮಾಡುವಂಥಾದ್ದಾಯಿತು. ಚಹದ ಬಟ್ಟಲು, ಆಟಗಾರರ ಅಂಗಿ, ಬಹುಮಾನದ ಫಲಕ, ಫೋನಿನ ಒರೆ, ಇವೆಲ್ಲವೂ ಇದರ ಸಂತತಿಯೇ.

ಕೆಲಸದ ಕ್ರಮವನ್ನು ನಮಗೆ ತೋರಿಸಿದವಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ. ಆಕೆಯ ಹೆಸರನ್ನು ಹೇಳಬಾರದೆಂದು ಆಕೆಯೇ ಕೇಳಿಕೊಂಡಿರುತ್ತಾಳೆ. ಹತ್ತನೆಯ ತರಗತಿಯನ್ನು ಮುಗಿಸಿ ಎರಡು ವರ್ಷ ಕಾಲೇಜಿಗೆ ಹೋದ ತರುವಾಯ ತಂದೆಯ ಕಾಯಿಲೆಯ ದೆಸೆಯಿಂದ ಓದನ್ನು ನಿಲ್ಲಿಸಿ, ಸಾಲ ಮಾಡಿ ಈ ಯಂತ್ರಗಳನ್ನು ಕೊಂಡುಕೊಳ್ಳುವ ಆಲೋಚನೆಯಿಂದ ನಮ್ಮ ಸಲಹೆಯನ್ನು ಕೇಳಲು ಬಂದಿದ್ದಳು. ನಾವು ಬೇಡವೆಂದೆವು. ಟ್ರೈನಿಂಗಿಗೆ ಸೇರಿ ಉಪಾಧ್ಯಾಯಿನಿಯಾಗು, ಸಾಲದ ಕತ್ತಿಗೆ ಕೊರಳೊಡ್ಡಬೇಡ ಎಂದು ಬುದ್ಧಿ ಹೇಳಿದೆವು. ಆಕೆ ನಮ್ಮ ಮಾತನ್ನು ವಿನಯದಿಂದ ಕೇಳಿ, ಯಂತ್ರಗಳನ್ನು ಕೊಂಡುಕೊಂಡಳು. ಕಳೆದ ವರ್ಷ ನಮ್ಮ ಕೋರಿಕೆಯ ಮೇರೆಗೆ ಅವುಗಳನ್ನು ಒಂದು ಆಟೋರಿಕ್ಷಾದಲ್ಲಿ ಹೇರಿಕೊಂಡು ವಿಜ್ಞಾನ ಕೊಠಡಿಗೆ ತಂದಳು.

ಒರೆಗಳಲ್ಲಿ ಎರಡು ಜಾತಿ. ಮೊದಲನೆಯದು ಸುಲಭವಾದುದು. ಅದರ ಚೌಕಟ್ಟು ರಬ್ಬರಿನಂತೆ ಮೃದುವಾದ ಅಥವಾ ಗಡುಸಾದ ಪ್ಲಾಸ್ಟಿಕ್ಕಿನದು. ಬೆನ್ನಿನ ಮೇಲೆ ಅಂಟಿಸುವುದಕ್ಕೆ ಒಂದು ತೆಳ್ಳಗಿನ ಅಲ್ಯುಮಿನಿಯಮ್ ತಗಡು ಬೇರೆಯಾಗಿ ಬರುತ್ತದೆ. ತಗಡಿನ ಮೇಲೆ ಪಾಲಿಯೆಸ್ಟರ್ ಜಾತಿಯ ಬಿಳಿಯ ಲೇಪವಿರುತ್ತದೆ. ಚಿತ್ರವನ್ನು ತಗಡಿನ ಮೇಲೆ ಅಚ್ಚೊತ್ತಿ, ತಣಿದ ಮೇಲೆ ಚೌಕಟ್ಟಿಗೆ ಅಂಟಿಸಿದರೆ ಆಯಿತು. ಎರಡನೆಯ ಜಾತಿಯಲ್ಲಿ ತಗಡಿಲ್ಲ. ಇಡೀ ಒರೆಯೇ ಲೇಪವುಳ್ಳ ಬಿಳಿಯ ಗಡುಸು ಪ್ಲಾಸ್ಟಿಕ್ಕಾಗಿದ್ದು, ಬೆನ್ನು, ಪಕ್ಕ, ಮೂಲೆ ಎಲ್ಲೆಲ್ಲಿಯೂ ಚಿತ್ರವು ಸುತ್ತಿಕೊಳ್ಳಬೇಕು. ನಾವು ಉಗುರಿನಿಂದ ಕೆರೆದದ್ದು ಈ ಎರಡನೆಯ ಜಾತಿಯದು.

ಎರಡಕ್ಕೂ ಆರಂಭವು ಒಂದೇ. ಗಣಕಯಂತ್ರದಲ್ಲಿ ಒರೆಯ ಅಳತೆಗೆ ಸರಿಯಾಗಿ ಚಿತ್ರವನ್ನು ಹೊಂದಿಸಿ, ಅಂಚುಗಳಲ್ಲಿ ಬಿಳುಪು ಉಳಿಯದಂತೆ ಎಲ್ಲಾ ಕಡೆಯೂ ಸ್ವಲ್ಪ ಹೆಚ್ಚಾಗಿ ಚಾಚಿಸಬೇಕು. ಕ್ಯಾಮೆರಾದ ತೂತು ಎಲ್ಲಿ ಬೀಳುವುದೆಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಇಲ್ಲವಾದರೆ ಅಜ್ಜಿಯ ಮುಖದ ಅರ್ಧವು ತೂತಿನಲ್ಲಿ ಮಾಯವಾಗುವುದು. ತರುವಾಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ತಿರುಗಿಸಬೇಕು. ಏಕೆಂದರೆ ಕಾಗದದ ಮುಖವು ಒರೆಯ ಮುಖಕ್ಕೆ ತಾಗುವಾಗ ಅದು ಪುನಃ ತಿರುಗಿ ಸರಿಯಾಗುತ್ತದೆ. ಈ ಎಡಬಲದ ತೊಡಕು ನಮ್ಮ ನಾಡಿಗೆ ಹೊಸದಲ್ಲ. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರಾದ ಹೆರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿಯೇ ಅಚ್ಚಾಯಿತು. ಕಲ್ಲಚ್ಚಿನ ಕೆಲಸಗಾರನಿಗೆ ಕಲ್ಲಿನ ಮೇಲೆ ಅಕ್ಷರಗಳು ತಲೆಕೆಳಗಾದ ಎಡಬಲದಲ್ಲಿಯೇ ಇರಬೇಕು. ಅದನ್ನು ಒಂದೋ ಹಾಗೆಯೇ ಬರೆಯಬೇಕು, ಇಲ್ಲವೇ ಕಾಗದದ ಮೇಲೆ ಜಿಡ್ಡಿನ ಮಸಿಯಿಂದ ನೇರವಾಗಿ ಬರೆದು ಕಲ್ಲಿಗೆ ದಾಟಿಸಬೇಕು. ಕಾಗದದಿಂದ ಇನ್ನೊಂದಕ್ಕೆ ದಾಟಿಸುವ ಉಪಾಯವು ಹೀಗೆ ಬಹು ಹಳೆಯದು.

ತಿರುಗಿಸಿದ ಚಿತ್ರವನ್ನು ಅಚ್ಚುಯಂತ್ರದಲ್ಲಿ ವಿಶೇಷ ಕಾಗದದ ಮೇಲೆ ಮುದ್ರಿಸುತ್ತಾರೆ. ಮಸಿಗಳು ಸಾಮಾನ್ಯವಾಗಿ ನಾಲ್ಕು: ಹಸುರು ಬೆರೆತ ನೀಲಿ, ಕೆನ್ನೇರಿಳೆ, ಹಳದಿ, ಕಪ್ಪು. ಮಿಕ್ಕ ಬಣ್ಣಗಳೆಲ್ಲ ಇವುಗಳ ಕೂಟದಿಂದ ಆಗತಕ್ಕವು. ಇಲ್ಲಿ ಗಮನಿಸಬೇಕಾದುದೇನೆಂದರೆ, ಮಸಿಯನ್ನು ಕುದಿಸಿ ಚಿಮ್ಮಿಸುವ ಅಚ್ಚುಯಂತ್ರಗಳು ಈ ಕೆಲಸಕ್ಕೆ ಒಗ್ಗುವುದಿಲ್ಲ. ವಿದ್ಯುತ್ತು ತಾಗಿದೊಡನೆ ಆಕಾರ ಬದಲಿಸುವ ಹರಳಿನ ಬಲದಿಂದ ಮಸಿಯ ಹನಿಯನ್ನು ಹೊರಗೆ ತಳ್ಳುವ ಜಾತಿಯ ಯಂತ್ರಗಳೇ ಬೇಕು. ಕಾಗದದ ಮೇಲೆ ಒಂದು ಲೇಪವಿರುವುದರಿಂದ ಮಸಿಯು ಆಳಕ್ಕೆ ಹೀರಿಹೋಗದೆ ಮೇಲೆಯೇ ನಿಲ್ಲುತ್ತದೆ.

ಹೀಗೆ ಹೊರಬಂದ ಕಾಗದವನ್ನು ನೋಡಿದರೆ ಯಾರಿಗಾದರೂ ನಿರಾಶೆಯಾಗುವುದು. ನಮ್ಮ ಹುಡುಗಿಯರು ನಿಟ್ಟುಸಿರು ಬಿಟ್ಟರು. ಬಣ್ಣಗಳು ಮಂಕಾಗಿ, ಒಗೆದು ಒಗೆದು ಹೋದ ಸೀರೆಯಂತೆ ಇದ್ದುವು. ಕಾರಣವೇನೆಂದರೆ, ಬಣ್ಣವು ಇನ್ನೂ ಪುಡಿಯ ಕಣಗಳಾಗಿಯೇ ಇದೆ. ಅದು ಆವಿಯಾಗಿ, ಅಣು ಅಣುವಾಗಿ ಬಿಡಿಸಿಕೊಂಡು, ಪ್ಲಾಸ್ಟಿಕ್ಕಿನಲ್ಲಿ ಹರಡಿಕೊಂಡ ಮೇಲೆಯೇ ಅದರ ನಿಜವಾದ ಕಾಂತಿಯು ಹೊರಪಡುವುದು.

ಆ ಮೇಲೆ ಶಾಖ. ತಗಡಿನ ಜಾತಿಯಾದರೆ, ದೊಡ್ಡ ಇಸ್ತ್ರಿಪೆಟ್ಟಿಗೆಯಂತಿರುವ ಚಪ್ಪಟೆಯಾದ ಒತ್ತುಯಂತ್ರವು ಸಾಕು. ಕಾಗದವನ್ನು ತಗಡಿಗೆ ಶಾಖ ತಾಳುವ ಅಂಟುಪಟ್ಟಿಯಿಂದ ಬಿಗಿದು, 180ರಿಂದ 200 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾದ ಫಲಕದ ಕೆಳಗೆ ಸುಮಾರು ಒಂದು ನಿಮಿಷ ಒತ್ತಿಟ್ಟರೆ ಚಿತ್ರವು ದಾಟುತ್ತದೆ. ಆ ಉಷ್ಣತೆಯಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಬಣ್ಣವು ಆವಿಯಾಗುತ್ತದೆ. ಲೇಪದಲ್ಲಿನ ಉದ್ದುದ್ದವಾದ ಅಣುಗಳ ಸರಪಣಿಗಳು ಅಲುಗಾಡಿ ಸಡಿಲವಾಗಿ, ಅವುಗಳ ನಡುವೆ ಎಡೆಯಾಗುತ್ತದೆ. ಆವಿಯು ಆ ಎಡೆಗಳಲ್ಲಿ ನುಗ್ಗುತ್ತದೆ. ತಣಿದಾಗ ಸರಪಣಿಗಳು ಪುನಃ ಬಿಗಿದುಕೊಂಡು ಬಣ್ಣದ ಅಣುಗಳನ್ನು ಸೆರೆ ಹಿಡಿಯುತ್ತವೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿದ ಮನೆಯೊಳಗೆ ನೆಂಟರು ಉಳಿದುಕೊಂಡಂತೆ ಎಂದು ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ವಿವರಿಸಿದರು. ನೀರಾಗಲಿ ಉಗುರಾಗಲಿ ಆ ಬಣ್ಣವನ್ನು ಮುಟ್ಟಲಾರದ್ದು ಇದರಿಂದಲೇ.

ಹತ್ತಿಯ ಬಟ್ಟೆಗೆ ಇದು ಏಕೆ ಹಿಡಿಯುವುದಿಲ್ಲವೆಂದು ಒಬ್ಬ ಹುಡುಗಿ ಕೇಳಿದಳು. ಹತ್ತಿಯ ನಾರು ಬೇರೆ ಜಾತಿಯದು. ಶಾಖಕ್ಕೆ ಅದು ಹೀಗೆ ಸಡಿಲವಾಗಿ ಈ ಬಣ್ಣಕ್ಕೆ ಎಡೆಗೊಡುವುದಿಲ್ಲ, ಹೆಚ್ಚು ಕಾಯಿಸಿದರೆ ಸುಡುತ್ತದೆ. ಮತ್ತೊಬ್ಬಳು, ಕಪ್ಪು ಒರೆಯ ಮೇಲೆ ಏಕೆ ಆಗದೆಂದಳು. ಈ ಬಣ್ಣಗಳು ಪಾರದರ್ಶಕವಾದುವು, ಮತ್ತು ಬಿಳಿಯ ಮಸಿಯೆಂಬುದೇ ಈ ಕ್ರಮದಲ್ಲಿ ಇಲ್ಲ. ಚಿತ್ರದಲ್ಲಿ ಬಿಳಿಯಾಗಿ ಕಾಣುವುದೆಲ್ಲ ಒರೆಯ ಸ್ವಂತ ಬಿಳುಪು. ಕಪ್ಪು ನೆಲದ ಮೇಲೆ ಹಳದಿಯ ಗಾಜನ್ನಿಟ್ಟರೆ ಏನು ಕಾಣುವುದೋ ಅಷ್ಟೇ ಕಾಣುವುದು. ಕಪ್ಪು ಒರೆಯ ಮೇಲೆ ಚಿತ್ರ ಬೇಕೆನ್ನುವವರು ನೇರಿಳಾತೀತ ಬೆಳಕಿನಿಂದ ಮಸಿಯನ್ನು ಗಟ್ಟಿಮಾಡುವ ಬೇರೊಂದು ಕ್ರಮವನ್ನು ಅವಲಂಬಿಸಬೇಕು. ಅಲ್ಲಿ ಬಿಳಿಯ ಮಸಿಯೂ ಉಂಟು, ಆದರೆ ಮಸಿಯು ಮೇಲೆಯೇ ನಿಲ್ಲುವುದರಿಂದ ಬೆರಳಿಗೆ ತಾಕುತ್ತದೆ.

ಈಗ ಕಷ್ಟವಾದ ಜಾತಿಗೆ ಬರೋಣ. ಚಪ್ಪಟೆಯಾದ ಫಲಕವು ಒರೆಯ ಬೆನ್ನನ್ನು ಮಾತ್ರ ಮುಟ್ಟಬಲ್ಲುದು. ಪಕ್ಕಗಳನ್ನೂ ಮೂಲೆಗಳನ್ನೂ ಒತ್ತುವವರಾರು? ಗಾಳಿಯೇ ಒತ್ತಬೇಕು. ಇದೇ ಈ ಯಂತ್ರದ ಚಮತ್ಕಾರ. ಮೊದಲು ಒರೆಯನ್ನು ಅದರ ಫೋನಿನ ಆಕಾರಕ್ಕೆ ಸರಿಯಾಗಿ ಕಡೆದ ಲೋಹದ ಪಡಿಯಚ್ಚಿನ ಮೇಲೆ ತೊಡಿಸಬೇಕು. ಇಂಥ ಒರೆಗಳನ್ನು ಬಹಳವಾಗಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುವರು. ಅದು ಸುಮಾರು 147 ಡಿಗ್ರಿಯಲ್ಲಿ ಮೆತ್ತಗಾಗಲಾರಂಭಿಸುವುದರಿಂದ, ಒಳಗೆ ಲೋಹದ ಆಧಾರವಿಲ್ಲದಿದ್ದರೆ ಒರೆಯು ಬಾಗಿ ಸೊಟ್ಟಗಾಗುವುದು. ಅದರ ಮೇಲೆ ಅಚ್ಚಾದ ಕಾಗದವನ್ನು ಹೊದಿಸಬೇಕು. ಕಾಗದವು ಮೂಲೆಗಳಲ್ಲಿ ಸುಕ್ಕಾಗುವುದೆಂದು ಈಗ ಅನೇಕರು ಕಾಗದದ ಬದಲು ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಚಿತ್ರವನ್ನು ಅಚ್ಚುಮಾಡುತ್ತಾರೆ. ಆ ಹಾಳೆಯು ಶಾಖಕ್ಕೆ ಮೆತ್ತಗಾಗಿ, ದೋಸೆಯ ಹಿಟ್ಟು ಕಾವಲಿಗೆ ಹೊಂದಿಕೊಂಡಂತೆ ಬಾಗುಗಳಿಗೆ ಹೊಂದಿಕೊಳ್ಳುತ್ತದೆ.

ಹೀಗೆ ಸಿದ್ಧವಾದ ಪಡಿಯಚ್ಚನ್ನು ಯಂತ್ರದ ತಟ್ಟೆಯಲ್ಲಿಟ್ಟು, ಮೇಲಿಂದ ಶಾಖವನ್ನು ತಾಳುವ ಸಿಲಿಕೋನ್ ರಬ್ಬರಿನ ಪೊರೆಯನ್ನು ಮುಚ್ಚುತ್ತಾರೆ. ಹಾಳೆಯನ್ನು ಉಪಯೋಗಿಸುವ ಕೆಲವು ಯಂತ್ರಗಳಲ್ಲಿ ಹಾಳೆಯೇ ಪೊರೆಯ ಕೆಲಸವನ್ನು ಮಾಡುವುದು. ಒಂದು ಪಂಪು ಪೊರೆಯ ಕೆಳಗಿನ ಗಾಳಿಯನ್ನು ಹೊರಗೆಳೆಯುತ್ತದೆ. ನಿರ್ವಾತವು ಪೊರೆಯನ್ನು ಕೆಳಗೆ ಎಳೆಯಿತೆಂದು ಹುಡುಗಿಯರು ಬರೆದುಕೊಂಡಿದ್ದರು. ನಾವು ಅದನ್ನು ತಿದ್ದಿಸಿದೆವು. ಇಲ್ಲದ ಗಾಳಿಯು ಏನನ್ನೂ ಎಳೆಯಲಾರದು. ಮೇಲಿರುವ ಗಾಳಿಯು ಕೆಳಕ್ಕೆ ಒತ್ತುತ್ತದೆ. ಕೆಳಗಿನಿಂದ ಎದುರಿಸುವ ಗಾಳಿಯು ಇಲ್ಲವಾದ್ದರಿಂದ ಪೊರೆಯು ತಗ್ಗಿ ಒರೆಯ ಪ್ರತಿಯೊಂದು ಬಾಗಿಗೂ ಅಂಟಿಕೊಳ್ಳುತ್ತದೆ. 1643ರಲ್ಲಿ ಇಟಲಿಯ ಟಾರಿಚೆಲ್ಲಿಯು ಪಾದರಸದ ಕೊಳವೆಯಿಂದ ತೋರಿಸಿದ ವಾಯುಭಾರವೂ, ಮಾಗ್ದೆಬುರ್ಗ್ ನಗರದ ಗೇರಿಕನು ಕುದುರೆಗಳನ್ನು ಕಟ್ಟಿ ಎಳೆಯಿಸಿದರೂ ಬಿಡಿಸಲಾಗದ ತಾಮ್ರದ ಅರೆಗೋಳಗಳೂ ಇದೇ ಬಲಕ್ಕೆ ಸಾಕ್ಷಿ. ಲೆಕ್ಕವು ಸುಲಭವಾದುದು. ವಾಯುಭಾರವು ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಮು. ಫೋನಿನ ಬೆನ್ನು 15 ಸೆಂಟಿಮೀಟರು ಉದ್ದ, ಏಳೂವರೆ ಅಗಲವೆಂದರೆ 112 ಚದರ ಸೆಂಟಿಮೀಟರು. ಆಗ ಅದರ ಮೇಲೆ 110 ಕಿಲೋಗ್ರಾಮಿಗೂ ಹೆಚ್ಚಾದ ಭಾರವು ಬೀಳುವುದು. ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು ಅದರ ಮೇಲೆ ನಿಂತಂತೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಇದು ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಪಂಪು ಎಷ್ಟೇ ಚೆನ್ನಾಗಿದ್ದರೂ ಗಾಳಿಯನ್ನು ಪೂರ್ತಿಯಾಗಿ ತೆಗೆಯಲಾರದಾದ್ದರಿಂದ ಇನ್ನೂ ಸ್ವಲ್ಪ ಕಡಿಮೆ. ಆದರೆ ಈ ಒತ್ತಿನ ಗುಣವಿರುವುದು ಅದರ ಸಮತೆಯಲ್ಲಿ: ಬೆನ್ನನ್ನು ಎಷ್ಟು ಒತ್ತುವುದೋ ಪಕ್ಕವನ್ನೂ ಮೂಲೆಯನ್ನೂ ಅಷ್ಟೇ ಒತ್ತುವುದು. ಯಾವ ಫಲಕಕ್ಕೂ ಅದು ಸಾಧ್ಯವಿಲ್ಲ.

ಒತ್ತು ನಿಂತಿರುವಾಗಲೇ ಒಲೆಯಂತಿರುವ ಮುಚ್ಚಳದಿಂದ ಶಾಖವು ಬರುತ್ತದೆ. ಲೋಹದ ಪಡಿಯಚ್ಚೂ ಕಾಯಬೇಕಾದ್ದರಿಂದ ಇಲ್ಲಿ ಒಂದು ನಿಮಿಷ ಸಾಲದು. ಯಂತ್ರವನ್ನನುಸರಿಸಿ ಹಲವು ನಿಮಿಷಗಳೇ ಬೇಕು. ಹೊರತೆಗೆದ ಮೇಲೆ ದಪ್ಪನಾದ ಕೈಚೀಲವನ್ನು ತೊಟ್ಟು, ಕಾಗದವನ್ನು ಒಂದೇ ಸಾರಿ ಸರಕ್ಕನೆ ಬಿಡಿಸಬೇಕು. ಬಿಸಿಯಿರುವಾಗ ಕಾಗದವು ಒಂದು ಕೂದಲಿನಷ್ಟು ಜಾರಿದರೂ ಆವಿಯು ಹೊಸ ಸ್ಥಾನದಲ್ಲಿಯೂ ಹತ್ತಿ, ಚಿತ್ರದ ಪಕ್ಕದಲ್ಲಿ ಅದರ ನೆರಳು ಮೂಡುವುದು. ಒರೆಯನ್ನು ಮಾತ್ರ ಪಡಿಯಚ್ಚಿನ ಮೇಲೆಯೇ ತಣಿಯಲು ಬಿಡಬೇಕು.

ನಮ್ಮ ಎದುರಿಗೆ ಆದ ಮೊದಲನೆಯ ಒರೆಯು ಕೆಟ್ಟುಹೋಯಿತು. ಮಳೆಗಾಲದ ದಿನಗಳಾದ್ದರಿಂದ ಕಾಗದವು ತೇವವನ್ನು ಹೀರಿಕೊಂಡಿತ್ತು. ತೇವವು ಹಬೆಯಾಗಿ ಬಣ್ಣವನ್ನು ಅಲ್ಲಲ್ಲಿ ತಳ್ಳಿ ಕಲೆಗಳನ್ನು ಮಾಡಿತು. ಎರಡನೆಯದು ಹೆಚ್ಚು ಕಾಲ ಒಳಗಿದ್ದು, ಕಪ್ಪೆಲ್ಲ ಕಂದಾಗಿ, ಅಂಚುಗಳು ಕದಡಿದುವು. ಮೂರನೆಯದು ಚೆನ್ನಾಯಿತು. ಮಂಕಾದ ಕಾಗದದ ಕೆಳಗಿನಿಂದ ಗುಲಾಬಿಯ ಕೆಂಪು ಬೆಳಗಿದಾಗ ಹುಡುಗಿಯರು ಕೂಗಿದ ಕೂಗು ಪಕ್ಕದ ತರಗತಿಯ ಗಣಿತದ ಪರೀಕ್ಷೆಗೆ ಭಂಗ ತಂದಿತೆಂದು ದೂರು ಬಂದಿತು. ಕಿಟಕಿಗಳನ್ನೆಲ್ಲ ತೆರೆದಿಡಿಸಿದ್ದೆವು. ಕಾದ ಮಸಿಯ ಹೊಗೆಯನ್ನು ಮುಚ್ಚಿದ ಕೊಠಡಿಯಲ್ಲಿ ಉಸಿರಾಡುವುದು ಒಳ್ಳೆಯದಲ್ಲ. ಮನೆಯಲ್ಲಿ ಈ ಕೆಲಸ ಮಾಡುವವರು ಅಡಿಗೆಗೆ ಉಪಯೋಗಿಸುವ ಒಲೆಪೆಟ್ಟಿಗೆಯನ್ನು ಇದಕ್ಕೆ ಉಪಯೋಗಿಸಲೇಬಾರದು.

ಕನ್ನಡದ ವಿಷಯದಲ್ಲಿ ನಮ್ಮದೊಂದು ದೂರಿದೆ. ಕೆಲವು ವರ್ಷಗಳ ಹಿಂದೆ ಬಹುಮಾನಕ್ಕಾಗಿ ಕೀರ್ತನೆಯ ಒಂದು ವಾಕ್ಯವನ್ನು ಬಟ್ಟಲುಗಳ ಮೇಲೆ ಅಚ್ಚುಮಾಡಿಸಲು ಒಂದು ಅಂಗಡಿಗೆ ಕೊಟ್ಟಿದ್ದೆವು. ಬಂದ ಬಟ್ಟಲುಗಳಲ್ಲಿ ಒತ್ತಕ್ಷರಗಳೆಲ್ಲ ಅಡಿಯಿಂದ ಎದ್ದು ಪಕ್ಕದಲ್ಲಿ ಸಾಲಾಗಿ ನಿಂತಿದ್ದುವು. ಕೊಂಬುಗಳೂ ದೀರ್ಘಗಳೂ ಮನೆಬಿಟ್ಟು ಅಲೆಯುತ್ತಿದ್ದುವು. ಅಂಗಡಿಯವನು ಯಂತ್ರದ ಮೇಲೆ ತಪ್ಪು ಹೊರಿಸಿದನು. ತಪ್ಪು ಯಂತ್ರದ್ದಲ್ಲ. ಚಿತ್ರವನ್ನು ಹೊಂದಿಸುವ ಕೆಲವು ಗಣಕ ತಂತ್ರಾಂಶಗಳಲ್ಲಿ, ಅದರಲ್ಲಿಯೂ ಹಳೆಯವುಗಳಲ್ಲಿ, ಕನ್ನಡದ ಅಕ್ಷರಗಳನ್ನು ಕೂಡಿಸುವ ಏರ್ಪಾಡು ಇರುವುದಿಲ್ಲ, ಅಥವಾ ಇದ್ದರೂ ಅದನ್ನು ತೆರೆದಿರುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ನಿಂತರೆ ಸಾಕು. ನಮ್ಮಲ್ಲಿ ಒಂದರ ಕೆಳಗೊಂದು ಇಳಿಯಬೇಕು. ಇದಲ್ಲದೆ ಹಳೆಯ ಅಕ್ಷರಕೋಶಗಳಲ್ಲಿ ಬೆರಳಚ್ಚುಮಾಡಿದ್ದನ್ನು ಯೂನಿಕೋಡಿನ ಅಕ್ಷರಕೋಶದಲ್ಲಿ ತೆರೆದರೆ ಓದಲಾಗದ ಗೀಟುಗಳು ಕಾಣುವುವು. ನಮ್ಮ ಹಳೆಯ ವಿದ್ಯಾರ್ಥಿನಿಯು ಕನ್ನಡದ ವಾಕ್ಯಗಳನ್ನು ಸರಿಯಾಗಿ ಕೂಡಿಸಬಲ್ಲ ತಂತ್ರಾಂಶದಲ್ಲಿ ಮೊದಲು ಬರೆದು, ಚಿತ್ರವಾಗಿ ಮಾರ್ಪಡಿಸಿ, ಆ ಮೇಲೆಯೇ ಜೋಡಿಸುತ್ತಾಳೆ. ಮುದ್ರಿಸುವ ಮೊದಲು ಗಿರಾಕಿಗೆ ಓದಿ ಹೇಳುತ್ತಾಳೆ. ಆಕೆಯ ವ್ಯಾಕರಣದ ಅಂಕಗಳು ನಮಗೆ ನೆನಪಿರುವುದರಿಂದ ಇದನ್ನು ಕೇಳಿ ನಮಗೆ ವಿಶೇಷ ಸಂತೋಷವಾಯಿತು.

ಇನ್ನೊಂದು ಮಾತನ್ನು ಬಾಲಿಕೆಯರ ಹಿತಕ್ಕಾಗಿ ಸ್ಪಷ್ಟವಾಗಿ ಹೇಳತಕ್ಕದ್ದಿದೆ. ಒರೆಯ ಮೇಲೆ ನಿಮ್ಮ ಚಿತ್ರವು ಬೇಕಾದರೆ ನೀವು ಅದನ್ನು ಅಂಗಡಿಯವನಿಗೆ ಕಳುಹಿಸುವಿರಿ. ಒರೆಯು ನಿಮ್ಮ ಕೈಗೆ ಬರುವುದು, ಚಿತ್ರವು ಅವನ ಗಣಕಯಂತ್ರದಲ್ಲಿಯೂ ಅವನ ಫೋನಿನಲ್ಲಿಯೂ ಉಳಿಯುವುದು. ಅದರ ಜೊತೆಗೆ ನಿಮ್ಮ ಫೋನಿನ ಸಂಖ್ಯೆಯೂ ಉಳಿಯುವುದು. ಹೀಗೆ ಕೊಟ್ಟ ಚಿತ್ರದಿಂದ ನಮ್ಮ ಒಬ್ಬ ವಿದ್ಯಾರ್ಥಿನಿಯು ಅನುಭವಿಸಿದ ಕಿರುಕುಳವನ್ನು ನಾವು ಬಲ್ಲೆವು; ಆಕೆಯ ತಾಯಿಯು ನಮ್ಮ ಕೊಠಡಿಯಲ್ಲಿ ಕುಳಿತು ಅತ್ತುದನ್ನೂ ಕಂಡೆವು. 2023ರಲ್ಲಿ ನಮ್ಮ ಪಾರ್ಲಿಮೆಂಟು ವ್ಯಕ್ತಿಗಳ ಖಾಸಗಿ ಮಾಹಿತಿಯನ್ನು ರಕ್ಷಿಸುವುದಕ್ಕಾಗಿ ಒಂದು ಕಾನೂನನ್ನು ಮಾಡಿರುವುದು ನಿಜ. ಆದರೂ ಕಾನೂನಿಗಿಂತ ಮೊದಲು ನಿಮ್ಮ ಎಚ್ಚರವೇ ಕೆಲಸಕ್ಕೆ ಬರುವುದು. ಮುಖದ ಚಿತ್ರಕ್ಕಿಂತ ನೀವೇ ಬರೆದ ಹೂವಿನ ಚಿತ್ರವನ್ನು ಕೊಡಿರಿ. ಮುಖವೇ ಬೇಕಾದರೆ ತಾಯಿಯನ್ನೋ ತಂದೆಯನ್ನೋ ಕರೆದುಕೊಂಡು ಹೋಗಿ, ಕೆಲಸವಾದ ಮೇಲೆ ಚಿತ್ರವನ್ನು ನಿಮ್ಮೆದುರಿಗೇ ಅಳಿಸಿರೆಂದು ಕೇಳಿರಿ. ನಾಚಿಕೆಪಡಬೇಡಿರಿ. ಸಿನೆಮಾ ನಟರ ಚಿತ್ರಗಳನ್ನೂ ಬೊಂಬೆಯಾಟದ ಪಾತ್ರಗಳನ್ನೂ ಅಪ್ಪಣೆಯಿಲ್ಲದೆ ಅಚ್ಚುಮಾಡಿ ಮಾರುವುದು ಕೃತಿಸ್ವಾಮ್ಯದ ಕಾನೂನಿಗೆ ವಿರುದ್ಧವಾಗಬಹುದು. ಆ ಕಾನೂನೂ ದ ಪ್ಲಾಸನ ಉಪಾಯವೂ ಒಂದೇ ವರ್ಷದವು, 1957.

ಈ ಕಸುಬಿನಿಂದ ಜೀವನವು ನಡೆಯುವುದೇ ಎಂದು ತಾಯಂದಿರು ನಮ್ಮನ್ನು ಕೇಳುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯು ಹೇಳಿದುದನ್ನೇ ಹೇಳುವೆವು. ಯಂತ್ರವು ಆಕೆಯನ್ನು ತೊಂದರೆಪಡಿಸಲಿಲ್ಲ, ಪಡಿಯಚ್ಚುಗಳು ಪಡಿಸಿದುವು. ಪ್ರತಿಯೊಂದು ಮಾದರಿಯ ಫೋನಿಗೂ ಬೇರೆ ಪಡಿಯಚ್ಚು, ಬೇರೆ ಬಿಳಿಯ ಒರೆಗಳು. ಕ್ಯಾಮೆರಾದ ತೂತು ಒಂದು ಬೆರಳು ಆಚೆ ಈಚೆ ಸರಿದರೂ ಹಳೆಯದು ನಿಷ್ಪ್ರಯೋಜಕ. ಕಂಪನಿಗಳೋ ಕೆಲವು ತಿಂಗಳಿಗೊಂದು ಹೊಸ ಮಾದರಿಯನ್ನು ಹೊರಡಿಸುತ್ತವೆ. ಮೊದಲನೆಯ ವರ್ಷ ಆಕೆ ಬಂದ ಗಿರಾಕಿಗಳನ್ನು ಹಿಂದೆ ಕಳುಹಿಸಬಾರದೆಂದು ಕಂಡ ಕಂಡ ಮಾದರಿಗಳನ್ನೆಲ್ಲ ತರಿಸಿ, ಸಾಲದ ಹಣದಲ್ಲಿ ಬಹುಭಾಗವನ್ನು ಲೋಹದಲ್ಲಿಯೂ ಮಾರಾಟವಾಗದ ಒರೆಗಳಲ್ಲಿಯೂ ಹೂಡಿ ಕುಳಿತಳು. ಕಂತು ಕಟ್ಟಲಾಗದೆ ತಾಯಿಯ ಬಳೆಗಳು ಅಡವಿಗೆ ಹೋದುವು. ಆಗ ಆಕೆ ನಮ್ಮ ಬಳಿಗೆ ಬರಲಿಲ್ಲ. ಏಕೆ ಬರಲಿಲ್ಲವೆಂಬುದನ್ನು ನಾವು ಕೇಳಬೇಕಾದ್ದಿಲ್ಲ, ನಮಗೇ ಗೊತ್ತು. ಬೇಡವೆಂದು ಹೇಳುವುದಕ್ಕೆ ಮೊದಲು ನಾವು ಆಕೆಯೊಡನೆ ಕುಳಿತು ಒಂದು ಕಾಗದದ ಮೇಲೆ ಖರ್ಚಿನ ಲೆಕ್ಕವನ್ನು ಹಾಕಿದ್ದರೆ, ಈ ಪಡಿಯಚ್ಚಿನ ಬಾಬ್ತು ಆಗಲೇ ಕಣ್ಣಿಗೆ ಬೀಳುತ್ತಿತ್ತು. ಗಣಿತದ ಉಪಾಧ್ಯಾಯಿನಿಯಾಗಿದ್ದ ನಮಗೆ ಅದು ಹೊಳೆಯಲಿಲ್ಲ.

ಎರಡನೆಯ ವರ್ಷ ಆಕೆ ಊರಿನಲ್ಲಿ ಹೆಚ್ಚಾಗಿ ಓಡಾಡುವ ಕೆಲವೇ ಮಾದರಿಗಳನ್ನಿಟ್ಟುಕೊಂಡು, ಮಿಕ್ಕವುಗಳಿಗೆ ತಗಡಿನ ಜಾತಿಯನ್ನು ಕೊಡಲಾರಂಭಿಸಿದಳು. ಅದಕ್ಕೆ ಪಡಿಯಚ್ಚು ಬೇಡ. ಒರೆಗಳಿಗೆ ಗಿರಾಕಿಯಿಲ್ಲದ ದಿನಗಳಲ್ಲಿ ಬಟ್ಟಲು, ಬೀಗದ ಕೈಯ ತಗಡು, ಶಾಲೆಗಳ ಗುರುತುಬಿಲ್ಲೆಗಳನ್ನು ಮಾಡುತ್ತಾಳೆ. ಬಳೆಗಳು ಬಿಡುಗಡೆಯಾಗಿವೆ, ಸಾಲವು ಇನ್ನೂ ಇದೆ. ಸಾಲ ಮಾಡಲೇಬೇಕಾದವರು 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಗಳವರೆಗಿನ 'ಶಿಶು' ವರ್ಗವನ್ನು ಮೊದಲು ವಿಚಾರಿಸಬೇಕೆಂದೂ, ಅದಕ್ಕೆ ಅಡಮಾನ ಬೇಡವೆಂದೂ ಆಕೆ ನಮ್ಮ ಹುಡುಗಿಯರಿಗೆ ಹೇಳಿದಳು.

ಉಪಯೋಗಕ್ಕೆ ಬಾರದ ಪಡಿಯಚ್ಚುಗಳಲ್ಲಿ ಎರಡನ್ನು ಆಕೆ ವಿಜ್ಞಾನ ಕೊಠಡಿಗೆ ಕೊಟ್ಟಿರುತ್ತಾಳೆ. ವಾಯುಭಾರದ ಪಾಠಕ್ಕೆ ಅವು ಬಹು ಅನುಕೂಲವಾಗಿವೆ.

ಆ ದಿನದ ಕಡೆಯ ಒರೆಯ ವಿಷಯವನ್ನು ಹೇಳಿಬಿಡುತ್ತೇವೆ. ಹುಡುಗಿಯರು ಚದರಿದ ಮೇಲೆ, ಬಹು ವರ್ಷಗಳ ಕಾಲ ನಮ್ಮ ವಸತಿಗೃಹದಲ್ಲಿ ಆಯಾ ಆಗಿದ್ದು ನಿವೃತ್ತಳಾದ ಮುದುಕಿಯೊಬ್ಬಳು ಸುದ್ದಿಯನ್ನು ಕೇಳಿ ತನ್ನ ಫೋನನ್ನು ತೆಗೆದುಕೊಂಡು ಬಂದಳು. ತೀರಿಹೋದ ಮಗನ ಚಿತ್ರವನ್ನು ಅದರ ಮೇಲೆ ಹಾಕಿಕೊಡಬೇಕೆಂದು ಆಕೆಯ ಬೇಡಿಕೆ. ಆ ಮಾದರಿಯ ಫೋನು ಈಗ ಮಾರಾಟದಲ್ಲಿಲ್ಲ. ಪಡಿಯಚ್ಚು ನಮ್ಮ ವಿದ್ಯಾರ್ಥಿನಿಯ ಚೀಲದಲ್ಲಿಯೇ ಇತ್ತು, ಬಿಳಿಯ ಒರೆಯು ಮಾತ್ರ ಎಲ್ಲಿಯೂ ಸಿಕ್ಕುವಂತಿರಲಿಲ್ಲ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಬೇರೊಂದು ಮಾದರಿಯ ಅಲ್ಯುಮಿನಿಯಮ್ ತಗಡನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಿ, ಅಂಚುಗಳನ್ನು ಅರದಿಂದ ನಯಮಾಡಿ, ಚಿತ್ರವನ್ನು ಅಚ್ಚೊತ್ತಿ, ಮುದುಕಿಯ ಹಳೆಯ ಒರೆಯ ಮೇಲೆಯೇ ಅಂಟಿಸಿದಳು. ಹಣವನ್ನು ತೆಗೆದುಕೊಳ್ಳಲಿಲ್ಲ. ಇದು ಅಳಿಸಿಹೋಗುವುದೇ ಎಂದು ಮುದುಕಿ ಕೇಳಿದಳು. ಉಜ್ಜಿದರೆ ಹೋಗುವುದಿಲ್ಲ ಅಜ್ಜಿ, ಬಿಸಿಲಿನಲ್ಲಿ ಇಟ್ಟರೆ ವರ್ಷಗಳ ಮೇಲೆ ಮಂಕಾದೀತು ಎಂದು ನಮ್ಮ ವಿದ್ಯಾರ್ಥಿನಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಭಾನುವಾರದ ಆರಾಧನೆಯ ತರುವಾಯ ಆ ಮುದುಕಿಯು ದೇವಾಲಯದ ಮೆಟ್ಟಿಲಿಳಿಯುವಾಗ ಫೋನನ್ನು ಸೆರಗಿನೊಳಗೆ ಸುತ್ತಿ, ಬೆನ್ನು ಒಳಗಾಗಿ ಹಿಡಿದುಕೊಂಡು ಹೋಗುವುದನ್ನು ನಾವು ಈಗಲೂ ನೋಡುತ್ತೇವೆ.